ನಿಲ್ಲಿಸುವ ಖರ್ಚು ಯಾರ ತಲೆಗೆ?

ಭೂಮಿ ಬಿಸಿಯಾಗುತ್ತಲೇ ಇಲ್ಲ ಎಂದು ಮೂವತ್ತು ವರ್ಷ ವಾದಿಸಿದವರಲ್ಲಿ ಹಲವರು ಈಗ ವರಸೆ ಬದಲಿಸಿದ್ದಾರೆ. ಬಿಸಿಯಾಗುತ್ತಿರುವುದು ನಿಜವೇ, ಆದರೆ ಕಾಲ ಮಿಂಚಿಹೋಯಿತು, ಇನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ ಎನ್ನುತ್ತಾರೆ. ಮೊದಲಿನ ಮಾತಿಗೂ ಈಗಿನದಕ್ಕೂ ನಡುವೆ ‘ಆಗುತ್ತಿದೆ, ಏನಾದರೂ ಮಾಡೋಣ’ ಎನ್ನುವ ಒಂದು ಹೊತ್ತು ಬರಬೇಕಿತ್ತಲ್ಲ? ಅದನ್ನು ಸದ್ದಿಲ್ಲದೆ ದಾಟಿಬಿಟ್ಟರು. ಎರಡೂ ಮಾತಿನಿಂದ ಆಗುವ ಕೆಲಸ ಒಂದೇ: ಕಲ್ಲಿದ್ದಲು, ಪೆಟ್ರೋಲು ಉರಿಯುತ್ತಲೇ ಇರುತ್ತವೆ.

ಕಾಳಜಿಯುಳ್ಳವರೂ ಬೇರೆ ದಾರಿ ಹಿಡಿದು ಅಲ್ಲಿಗೇ ಬಂದು ಸೇರಿದ್ದಾರೆ. ಅಮೆರಿಕದ ಕಾದಂಬರಿಕಾರ ಜೊನಾಥನ್ ಫ್ರಾನ್ಜೆನ್ 2019ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ತಡೆಯಬಲ್ಲೆವೆಂಬ ಸೋಗು ಇನ್ನು ಸಾಕು ಎಂಬರ್ಥದ ಲೇಖನ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಬ್ರಿಟನ್ನಿನ ಪ್ರಾಧ್ಯಾಪಕ ಜೆಮ್ ಬೆಂಡೆಲ್, ಸಮಾಜದ ಕುಸಿತ ತಪ್ಪಿದ್ದಲ್ಲ, ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ ಎಂದು ಪ್ರಬಂಧ ಬರೆದಿದ್ದರು. ಹವಾಮಾನ ವಿಜ್ಞಾನಿ ಮೈಕೆಲ್ ಮ್ಯಾನ್ 2021ರ ತಮ್ಮ ಪುಸ್ತಕದಲ್ಲಿ ಈ ಹತಾಶೆಯ ಮೇಲೆಯೇ ಹರಿಹಾಯ್ದರು; ಕೈಚೆಲ್ಲಿ ಕೂರುವಂತೆ ಮಾಡುವುದರಲ್ಲಿ ಅದು ನಿರಾಕರಣೆಗಿಂತ ಕಡಿಮೆಯೇನಲ್ಲ ಎಂಬುದು ಅವರ ವಾದ. ಮ್ಯಾನ್ ಬರಹದಲ್ಲಿ ಜಗಳದ ಖಾರ ಕೊಂಚ ಜಾಸ್ತಿಯೇ. ಹಾಗೆಂದು ಅವರು ಹೇಳಿದ್ದು ಸುಳ್ಳಾಗುವುದಿಲ್ಲ.

ಹಳೆಯ ಜಗಳದ ಕಥೆಯನ್ನು ಇಲ್ಲಿ ಉದ್ದ ಮಾಡಬೇಕಿಲ್ಲ. ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಜಾನ್ ಟಿಂಡಲ್ 1859ರಲ್ಲೇ ಪ್ರಯೋಗ ಮಾಡಿ ಕಂಡುಕೊಂಡಿದ್ದರು. ಅದು ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಕೈಲೆಕ್ಕ ಹಾಕಿದ್ದರು. ಚಳಿದೇಶದವರಾದ್ದರಿಂದ ಅದರಲ್ಲಿ ಅವರಿಗೆ ಲಾಭವೇ ಕಂಡಿತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇದ್ದ ಈ ಅನಿಲ ಈಗ 420ನ್ನು ದಾಟಿದೆ. ಇಷ್ಟು ಚೂರಿನಿಂದ ಏನಾದೀತು ಎಂಬ ಪ್ರಶ್ನೆ ಇವತ್ತಿಗೂ ಕೇಳಿಬರುತ್ತದೆ. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳು ನೆಲದಿಂದ ಏಳುವ ಶಾಖವನ್ನು ತಡೆಯುವುದೇ ಇಲ್ಲ; ತಡೆಯುವ ಕೆಲಸವೆಲ್ಲ ಈ ಚೂರುಪಾರಿನದೇ. ಎಲ್ಲ ಸೂರ್ಯನ ಕಾರುಬಾರು ಎನ್ನುವವರೂ ಇದ್ದಾರೆ. ಸೂರ್ಯ ಹೆಚ್ಚು ಕಾಯಿಸುತ್ತಿದ್ದರೆ ವಾಯುಮಂಡಲದ ಮೇಲಿನ ಸ್ತರವೂ ಬಿಸಿಯಾಗಬೇಕಿತ್ತು. ಅಲ್ಲಿ ತಣ್ಣಗಾಗುತ್ತಿದೆ, ಕೆಳಗೆ ಬಿಸಿಯಾಗುತ್ತಿದೆ.

1988ರ ಜೂನ್ 23ರಂದು ನಾಸಾದ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಬಿಸಿಯಾಗುವಿಕೆ ಶುರುವಾಗಿಬಿಟ್ಟಿದೆ ಎಂದು ಸಾಕ್ಷಿ ಹೇಳಿದರು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಮಂಡಳಿ ಐಪಿಸಿಸಿ ಹುಟ್ಟಿದ್ದೂ ಅದೇ ವರ್ಷ. ಅಲ್ಲಿಂದ ಸಂಶಯದ ಉತ್ಪಾದನೆ ಭರ್ಜರಿಯಾಗಿ ನಡೆಯಿತು. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಹಾಕಿದ್ದ ಅಂದಾಜುಗಳನ್ನು ನಿಜವಾಗಿ ಏರಿದ ತಾಪಮಾನದ ಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಂದಾಜುಗಳು ಬಹುಮಟ್ಟಿಗೆ ಕರಾರುವಾಕ್ಕಾಗಿದ್ದವು. ಕಂಪನಿ ಹೊರಗಡೆ ಆಡುತ್ತಿದ್ದ ಮಾತು ಮಾತ್ರ, ವಿಜ್ಞಾನ ಇನ್ನೂ ಖಚಿತವಿಲ್ಲ ಎಂದು.

ಪ್ರಾಮಾಣಿಕವಾಗಿ ಸಂಶಯಪಟ್ಟವರೂ ಇದ್ದರು ಎನ್ನುವುದನ್ನು ಮರೆಯಬಾರದು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೆ ತಾಪಮಾನದ ದಾಖಲೆಗಳ ಮೇಲೇ ನಂಬಿಕೆ ಇರಲಿಲ್ಲ. ಬರ್ಕಲಿಯಲ್ಲಿ ತಂಡ ಕಟ್ಟಿ ಮೊದಲಿನಿಂದ ಲೆಕ್ಕ ಮಾಡಿದರು. ತೈಲ ಉದ್ಯಮದ ಕೋಚ್ ಕುಟುಂಬದ ಪ್ರತಿಷ್ಠಾನವೂ ಅದಕ್ಕೆ ಹಣ ಕೊಟ್ಟಿತ್ತು. 2012ರಲ್ಲಿ ಅವರು ಬಹಿರಂಗವಾಗಿಯೇ ಬರೆದರು: ಬಿಸಿಯಾಗುತ್ತಿರುವುದು ನಿಜ, ಬಹುತೇಕ ಪೂರ್ತಿ ಮನುಷ್ಯನಿಂದಲೇ.

ಎಚ್ಚರಿಸುವ ಕಡೆಯವರೂ ಎಡವಿದ್ದಾರೆ. ಅದರಲ್ಲಿ ಒಂದು ಪ್ರಸಂಗ ನಮ್ಮ ದೇಶದ್ದೇ. ಹಿಮಾಲಯದ ಹಿಮನದಿಗಳು 2035ರೊಳಗೆ ಕಾಣೆಯಾಗುವ ಸಂಭವ ಬಹಳ ಎಂದು ಐಪಿಸಿಸಿಯ 2007ರ ವರದಿಯ ಒಂದು ಅಧ್ಯಾಯದಲ್ಲಿತ್ತು. ಅದರ ಮೂಲ ಹುಡುಕಿಹೊರಟರೆ ಸಿಕ್ಕಿದ್ದು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಒಂದು ವರದಿ. ಅದರ ಹಿಂದೆ ‘ನ್ಯೂ ಸೈಂಟಿಸ್ಟ್’ ಪತ್ರಿಕೆಯಲ್ಲಿ 1999ರಲ್ಲಿ ಬಂದಿದ್ದ ಒಂದು ಸುದ್ದಿ. ವಿಜ್ಞಾನಿಗಳು ಪರಿಶೀಲಿಸಿ ಪ್ರಕಟಿಸಿದ ಸಂಶೋಧನೆ ಅಲ್ಲೆಲ್ಲೂ ಇರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದಿದ್ದ ವಿ.ಕೆ. ರೈನಾ 2009ರ ತಮ್ಮ ವರದಿಯಲ್ಲಿ ಹಿಮನದಿಗಳ ಬಗ್ಗೆ ಬೇರೆಯೇ ಚಿತ್ರ ಕೊಟ್ಟರು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ಬಿಡುಗಡೆ ಮಾಡಿದರೆ, ಐಪಿಸಿಸಿಯ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ತಳ್ಳಿಹಾಕಿದರು. 2010ರ ಜನವರಿಯಲ್ಲಿ ಐಪಿಸಿಸಿಯೇ 2035ರ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಿಮನದಿಗಳು ಕರಗುತ್ತಲೇ ಇವೆ, ಅದರಲ್ಲಿ ಅನುಮಾನವಿಲ್ಲ. ಕೆಟ್ಟದ್ದು ಪಚೌರಿಯವರ ಉತ್ತರ. ನಿಮ್ಮ ಲೆಕ್ಕ ತೋರಿಸಿ ಎಂದು ಕೇಳಿದವರಿಗೆ ಬೈಗುಳ ಕೊಟ್ಟರೆ ಮುಂದೆ ಸರಿಯಾದ ಲೆಕ್ಕ ಕೊಟ್ಟಾಗಲೂ ಜನ ನಂಬುವುದಿಲ್ಲ.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಇದನ್ನು ನಿಲ್ಲಿಸಬಹುದೇ?

ಭೌತವಿಜ್ಞಾನ ಕೊಡುವ ಉತ್ತರ ಬಹಳ ಜನ ಅಂದುಕೊಂಡಿರುವುದಕ್ಕಿಂತ ನೇರವಾಗಿದೆ. ಗೊಂದಲವಾಗುವ ಜಾಗ ಒಂದಿದೆ, ಅದನ್ನು ಮೊದಲು ದಾಟಿಕೊಳ್ಳಬೇಕು. ಕೆರೆಗೆ ಬರುವ ನೀರು ಅರ್ಧಕ್ಕೆ ಇಳಿದರೂ, ತೂಬಿನಲ್ಲಿ ಹೋಗುವುದಕ್ಕಿಂತ ಅದು ಹೆಚ್ಚಾಗಿರುವತನಕ ಕೆರೆ ತುಂಬುತ್ತಲೇ ಇರುತ್ತದೆ. ಗಾಳಿಯಲ್ಲಿರುವ ಕಾರ್ಬನ್ನಿನದೂ ಇದೇ ಲೆಕ್ಕ. ನಾವು ಬಿಡುವುದರಲ್ಲಿ ಸುಮಾರು ಅರ್ಧವನ್ನು ಕಡಲು, ಕಾಡು, ಮಣ್ಣು ಹೀರಿಕೊಳ್ಳುತ್ತವೆ; ಉಳಿದದ್ದು ಗಾಳಿಯಲ್ಲೇ ನಿಲ್ಲುತ್ತದೆ. ಕೋವಿಡ್ ಬಂದ 2020ರಲ್ಲಿ ಕಾರ್ಖಾನೆ, ವಿಮಾನ, ವಾಹನಗಳು ಬಹಳಷ್ಟು ನಿಂತು ಜಗತ್ತಿನ ಹೊಗೆ ಶೇ 5ರಷ್ಟು ಇಳಿಯಿತು. ಮೌನಾ ಲೋವಾದ ಅಂಕಿ ಮಾತ್ರ ಆ ವರ್ಷವೂ ಏರಿತು. ಇದನ್ನು ನೋಡಿದ ಹಲವರು, ಎಲ್ಲವನ್ನೂ ನಿಲ್ಲಿಸಿದರೂ ಪ್ರಯೋಜನವಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟರು. ಎಲ್ಲವೂ ಎಲ್ಲಿ ನಿಂತಿತ್ತು? ನಿಂತದ್ದು ಇಪ್ಪತ್ತರಲ್ಲಿ ಒಂದು ಪಾಲು.

ಪೂರ್ತಿ ಸೊನ್ನೆಗೆ ಇಳಿಸಿದರೆ ಏನಾಗುತ್ತದೆ? ಅಷ್ಟಾದರೂ ದಶಕಗಟ್ಟಲೆ ಬಿಸಿ ಏರುತ್ತಲೇ ಇರುತ್ತದೆ, ಅದು ಆಗಲೇ ದಾರಿಯಲ್ಲಿದೆ ಎಂಬ ನಂಬಿಕೆ ಬಹುಕಾಲ ಚಾಲ್ತಿಯಲ್ಲಿತ್ತು. ಆ ಲೆಕ್ಕ ಹಾಕಿದ್ದು ಗಾಳಿಯ ಕಾರ್ಬನ್ ಇದ್ದ ಮಟ್ಟದಲ್ಲೇ ಇರುತ್ತದೆ ಎಂದು ಹಿಡಿದು. ಹೊಗೆ ನಿಜಕ್ಕೂ ಸೊನ್ನೆಯಾದರೆ ಕಡಲು ಕಾರ್ಬನ್ನನ್ನು ಹೀರುತ್ತಲೇ ಹೋಗುವುದರಿಂದ ಮಟ್ಟ ನಿಧಾನವಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಕಡಲು ಇನ್ನೂ ಬಿಸಿಯಾಗುವುದು ಬಾಕಿ ಇರುತ್ತದೆ. ಒಂದು ತಣಿಸುತ್ತದೆ, ಇನ್ನೊಂದು ಕಾಯಿಸುತ್ತದೆ. ಎರಡೂ ಹೆಚ್ಚುಕಡಿಮೆ ವಜಾ ಆಗುತ್ತವೆ. ಡೇಮನ್ ಮ್ಯಾಥ್ಯೂಸ್ ಮತ್ತು ಕೆನ್ ಕಾಲ್ಡೇರಾ 2008ರಲ್ಲಿ ಬರೆದ ಪ್ರಬಂಧದ ನಂತರ ಈ ದಿಕ್ಕಿನಲ್ಲಿ ಕೆಲಸ ಬೆಳೆಯಿತು, ಐಪಿಸಿಸಿಯ 2021ರ ವರದಿಯೂ ಇದನ್ನು ಒಪ್ಪಿಕೊಂಡಿತು. ಸೊನ್ನೆ ಮುಟ್ಟಿದ ದಿನ ತಾಪಮಾನ ಎಲ್ಲಿರುತ್ತದೋ ಸುಮಾರಾಗಿ ಅಲ್ಲೇ ನಿಲ್ಲುತ್ತದೆ. ಅಂದರೆ ಏರಿಕೆಯನ್ನು ನಿಲ್ಲಿಸಬಹುದು. ಏರಿದ್ದನ್ನು ಇಳಿಸುವುದು ಬೇರೆ ಮಾತು, ಅದು ನಮ್ಮ ನಿಮ್ಮ ಕಾಲದಲ್ಲಿ ಆಗುವಂಥದ್ದಲ್ಲ. ಕಡಲ ಮಟ್ಟವಂತೂ ಶತಮಾನಗಳ ಕಾಲ ಏರುತ್ತಲೇ ಹೋಗುತ್ತದೆ. ವಾದಕ್ಕಿಳಿದವರು ನಿಲ್ಲಿಸುವುದು, ಇಳಿಸುವುದು ಎರಡನ್ನೂ ಕಲಸಿಬಿಡುತ್ತಾರೆ: ಒಬ್ಬರು ‘ನಿಲ್ಲಿಸಬಹುದು’ ಎಂದರೆ ಇನ್ನೊಬ್ಬರು ‘ಹಿಮ ಮತ್ತೆ ಬರುತ್ತದೆಯೇ’ ಎಂದು ಕೇಳುತ್ತಾರೆ.

ಗಡುವುಗಳೂ ತೊಡಕು ತಂದವು. ತಾಪಮಾನದ ಏರಿಕೆ ಒಂದೂವರೆ ಡಿಗ್ರಿಯೊಳಗೆ ಉಳಿಯಬೇಕಾದರೆ 2010ಕ್ಕೆ ಹೋಲಿಸಿ 2030ರ ಹೊತ್ತಿಗೆ ಹೊಗೆ ಶೇ 45ರಷ್ಟು ಇಳಿಯಬೇಕು ಎಂದು 2018ರ ಅಕ್ಟೋಬರಿನ ಐಪಿಸಿಸಿ ವರದಿ ಹೇಳಿತ್ತು. ಬೀದಿಗೆ ಬರುವಷ್ಟರಲ್ಲಿ ಅದು ‘ಜಗತ್ತಿಗೆ ಇನ್ನು ಹನ್ನೆರಡೇ ವರ್ಷ’ ಎಂದಾಯಿತು. 2024ರ ಸರಾಸರಿ ಒಂದೂವರೆ ಡಿಗ್ರಿಯನ್ನು ದಾಟಿತು, ಆಕಾಶ ಕಳಚಿಬೀಳಲಿಲ್ಲ. ಹೆದರಿಸಿದವರ ಮರ್ಯಾದೆ ಹೋಯಿತು, ಅಣಕಿಸುವವರಿಗೆ ಹಬ್ಬ. ಒಂದೂವರೆ ಡಿಗ್ರಿ ಎನ್ನುವುದು ಪ್ಯಾರಿಸ್‌ನಲ್ಲಿ 2015ರಲ್ಲಿ ದೇಶಗಳು ಚೌಕಾಸಿ ಮಾಡಿ ಹಾಕಿಕೊಂಡ ಗೆರೆ, ಅದರಾಚೆ ಪ್ರಪಾತವೇನೂ ಇಲ್ಲ. ಪ್ರತಿ ಲಕ್ಷ ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 0.45 ಡಿಗ್ರಿ ಎಂಬುದು ಈಗಿನ ಅಂದಾಜು. ಕಾಡು ಕಡಿಯುವುದೂ ಸೇರಿ ನಾವು ವರ್ಷಕ್ಕೆ ಬಿಡುತ್ತಿರುವುದು ಸುಮಾರು 4,000 ಕೋಟಿ ಟನ್. ಮಗ್ಗಿ ಬಲ್ಲವರು ಮುಂದಿನದನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಸ್ವಲ್ಪ ದೂರ ಬಂದಿರುವುದೂ ನಿಜ. ಸೌರವಿದ್ಯುತ್ತಿನ ಖರ್ಚು 2010ರಿಂದ ಹತ್ತು ವರ್ಷಗಳಲ್ಲಿ ಸುಮಾರು ಶೇ 85ರಷ್ಟು ಇಳಿಯಿತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರ ಶುರುಮಾಡಿದ ಬ್ರಿಟನ್, ತನ್ನ ಕೊನೆಯ ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಪ್ಯಾರಿಸ್ ಒಪ್ಪಂದಕ್ಕೆ ಮುನ್ನ ಶತಮಾನದ ಕೊನೆಗೆ ನಾಲ್ಕು ಡಿಗ್ರಿಯ ಮಾತಾಡುತ್ತಿದ್ದವರು ಈಗ ಮೂರರ ಆಸುಪಾಸಿನ ಮಾತಾಡುತ್ತಾರೆ. ಮೂರು ಡಿಗ್ರಿಯೂ ಭಯಂಕರವೇ. ಆದರೂ ಏನು ಮಾಡಿದರೂ ಪ್ರಯೋಜನವಿಲ್ಲ ಎನ್ನುವವರು ಈ ಒಂದು ಡಿಗ್ರಿ ಎಲ್ಲಿ ಹೋಯಿತೆಂದು ಹೇಳಬೇಕಾಗುತ್ತದೆ.

ಭಾರತದಲ್ಲಿ ಈ ವಾದ ಮೊದಲಿನಿಂದಲೂ ಬೇರೆ ಜಾಡಿನಲ್ಲಿ ನಡೆದಿದೆ. ಆಗುತ್ತಿದೆಯೇ ಇಲ್ಲವೇ ಎಂದು ಇಲ್ಲಿ ಯಾರೂ ಅಷ್ಟಾಗಿ ಕಾದಾಡಲಿಲ್ಲ. ಮಾಡಿದವರು ಯಾರು ಎಂದು ಕಾದಾಡಿದರು. ಅಮೆರಿಕದ ಒಂದು ಸಂಸ್ಥೆ 1990ರಲ್ಲಿ ದೇಶವಾರು ಹೊಗೆಯ ಪಟ್ಟಿ ಮಾಡಿ ಭಾರತ, ಚೀನಾ, ಬ್ರೆಜಿಲ್‌ಗಳನ್ನೂ ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತ್ತು. ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದಕ್ಕೆ ಕೊಟ್ಟ ಉತ್ತರ ಇಂದಿಗೂ ಹಳೆಯದಾಗಿಲ್ಲ. ಬಡರೈತನ ಗದ್ದೆಯಿಂದ ಏಳುವ ಮೀಥೇನನ್ನೂ ಸಿರಿವಂತ ದೇಶದ ಕಾರು ಉಗುಳುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ ಎಂದು ಅವರು ಕೇಳಿದರು. ಇವತ್ತಿಗೂ ಒಬ್ಬ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್, ಒಬ್ಬ ಅಮೆರಿಕನ್ನನದು ಸುಮಾರು 14. ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆಂದು ಸಿರಿವಂತರು 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟರು. 2020ಕ್ಕೆ ಈಡೇರಬೇಕಿದ್ದ ಮಾತು 2022ರಲ್ಲಿ ಈಡೇರಿತು, ಅದರಲ್ಲೂ ಬಹುಪಾಲು ಸಾಲ. 2024ರಲ್ಲಿ ಬಾಕುವಿನಲ್ಲಿ ಆ ಮೊತ್ತವನ್ನು 2035ರ ಹೊತ್ತಿಗೆ 30,000 ಕೋಟಿಗೆ ಏರಿಸಿದಾಗ ಭಾರತದ ಪ್ರತಿನಿಧಿ ಅದನ್ನು ಕಣ್ಕಟ್ಟು ಎಂದು ಸಭೆಯಲ್ಲೇ ಜರೆದರು.

ಈ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಹಿಂದೆ ಅಡಗಿಕೊಳ್ಳುವುದೂ ಸುಲಭ. 2 ಟನ್ ಎಂಬುದು ಸರಾಸರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರು ಏಸಿ, ಎರಡು ಕಾರು ಇಟ್ಟುಕೊಂಡವರೂ ದೇವದುರ್ಗದ ಕೂಲಿಯವರ ಬಡತನದ ಮರೆಯಲ್ಲಿ ನಿಂತು ಅಮೆರಿಕವನ್ನು ಬೈಯುತ್ತಾರೆ. ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳ ಪಾಲು 2025ರಲ್ಲಿ ಅರ್ಧ ಮುಟ್ಟಿತು ಎಂದು ಸಂಭ್ರಮಿಸಿದೆವು. ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈಗಲೂ ಕಲ್ಲಿದ್ದಲಿನದೇ.

ತಡೆಯುವ ಗೋಜೇ ಬೇಡ, ಆ ದುಡ್ಡನ್ನು ಬಡವರ ಆರೋಗ್ಯಕ್ಕೆ ಹಾಕಿ ಎಂಬ ಇನ್ನೊಂದು ಪಂಥವಿದೆ. ಡೆನ್ಮಾರ್ಕಿನ ಬಿಯಾನ್ ಲೊಂಬೊರ್ಗ್ ಇಪ್ಪತ್ತು ವರ್ಷಕ್ಕೂ ಮೇಲಿಂದ ಇದಕ್ಕೆ ಹತ್ತಿರದ ಮಾತು ಹೇಳುತ್ತಿದ್ದಾರೆ, 2025ರ ಅಕ್ಟೋಬರಿನಲ್ಲಿ ಬಿಲ್ ಗೇಟ್ಸ್ ಕೂಡ ಆ ಧಾಟಿಗೆ ಹೊರಳಿದರು. ಇದಕ್ಕೆ ಎದುರಾಗಿ ಬ್ರಿಟನ್ನಿನ ನಿಕೊಲಸ್ ಸ್ಟರ್ನ್ 2006ರಲ್ಲೇ ತಡೆಯುವ ಖರ್ಚು ತಡೆಯದ ನಷ್ಟಕ್ಕಿಂತ ಬಹಳ ಕಡಿಮೆ ಎಂದು ತೋರಿಸಿದ್ದರು. ನೂರು ವರ್ಷದ ನಂತರದ ಒಂದು ರೂಪಾಯಿಗೆ ಇವತ್ತು ಎಷ್ಟು ಬೆಲೆ ಕಟ್ಟುತ್ತೀರಿ ಎನ್ನುವುದರ ಮೇಲೆ ಈ ಅರ್ಥಶಾಸ್ತ್ರದ ಉತ್ತರ ತಲೆಕೆಳಗಾಗುತ್ತದೆ. ಅದನ್ನು ವಿಜ್ಞಾನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸೂರ್ಯನ ಬೆಳಕಿಗೇ ಅಡ್ಡ ಹಾಕೋಣ ಎನ್ನುವವರದ್ದು ಮತ್ತೊಂದು ದಾರಿ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಗಂಧಕದ ಹೊಗೆಯನ್ನು ಮೇಲಕ್ಕೆ ಉಗುಳಿದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಅದನ್ನೇ ವಿಮಾನಗಳಿಂದ ಮಾಡಬಹುದು ಎಂಬ ಎಣಿಕೆ. ಇದಕ್ಕೆ ಬೆಂಗಳೂರಿನ ನಂಟಿದೆ. ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಗೋವಿಂದಸ್ವಾಮಿ ಬಾಲ, ಆಗ ಅಮೆರಿಕದಲ್ಲಿದ್ದಾಗ, ಕಾಲ್ಡೇರಾ ಜೊತೆಗೂಡಿ 2000ದಲ್ಲಿ ಇದರ ಕಂಪ್ಯೂಟರ್ ಪರೀಕ್ಷೆ ಮಾಡಿದರು. ಇದು ಕೆಲಸಕ್ಕೆ ಬಾರದ ಉಪಾಯ ಎಂದು ತೋರಿಸಲು ಹೊರಟವರಿಗೆ, ತಾಪಮಾನದ ಮಟ್ಟಿಗೆ ಅದು ಕೆಲಸ ಮಾಡುತ್ತದೆ ಎಂಬ ಉತ್ತರ ಬಂತು. 2008ರಲ್ಲಿ ಬಾಲ ಮತ್ತು ಸಂಗಡಿಗರು ತೋರಿಸಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಬೆಳಕನ್ನು ತಗ್ಗಿಸಿ ತಾಪಮಾನವನ್ನು ಸರಿದೂಗಿಸಿದರೆ ಜಗತ್ತಿನ ಒಟ್ಟು ಮಳೆ ಕಡಿಮೆಯಾಗುತ್ತದೆ. ಮುಂಗಾರನ್ನೇ ನಂಬಿದ ದೇಶ ಈ ಆಟದಲ್ಲಿ ಬೇರೆಯವರ ಕೈಗೆ ಪಗಡೆ ಕೊಟ್ಟು ಕೂರುವಂತಿಲ್ಲ.

ಕರ್ನಾಟಕದಲ್ಲಿ ಹವಾಮಾನ ಬದಲಾವಣೆಯ ಮಾತು ಹೆಚ್ಚಾಗಿ ಕೇಳಿಬರುವುದು ಗುಡ್ಡ ಕುಸಿದಾಗ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿಯಿತು. ಎರಡು ವಾರ ಕಳೆದು ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ವಯನಾಡಿನ ಆ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇ 10ರಷ್ಟು ಜೋರಾಗಿತ್ತು ಎಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಅಧಿಕಾರದಲ್ಲಿರುವವರಿಗೆ ಇಂಥ ಅಂಕಿ ಬಲು ಪ್ರಿಯ. ಆಕಾಶದ ಮೇಲೆ ಹೊರಿಸಿದರೆ, ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ಲಂಬವಾಗಿ ಕಡಿದವರು ಯಾರು, ಕ್ವಾರಿಗೆ ಅನುಮತಿ ಕೊಟ್ಟವರು ಯಾರು ಎಂದು ಕೇಳುವವರಿರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಹೆಚ್ಚಿನ ಮಳೆ ಗಟ್ಟಿಯಾಗಿ ನಿಂತ ಗುಡ್ಡಕ್ಕೂ ಬೀಳುತ್ತದೆ, ಬುಡ ಕಳೆದುಕೊಂಡ ಗುಡ್ಡಕ್ಕೂ ಬೀಳುತ್ತದೆ.

ನಿಲ್ಲಿಸುವ ಕೆಲಸಕ್ಕೆ ಇಲ್ಲಿ ಹೆಸರಿರುವ ಊರುಗಳಿವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮತ್ತು ಸುತ್ತಲಿನ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇಲ್ಲಿನ ಜಾಣ್ಮೆ: ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಕೈಗೆ ಹತ್ತದ ವರ್ಷಗಳನ್ನೇ ಹೆಚ್ಚು ಕಂಡ ಸೀಮೆಯಲ್ಲಿ ಇದು ಸಣ್ಣ ಆದಾಯವಲ್ಲ. ಅದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಬೇಲಿಯೊಳಗೆ ಹುಲ್ಲು ಸವರುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಾಲುವಷ್ಟಿಲ್ಲ.

ಕೈಗಾದ್ದು ಇನ್ನೊಂದು ತೊಡಕು. ಶಿವರಾಮ ಕಾರಂತರು ಮುಂದೆ ನಿಂತು ವಿರೋಧಿಸಿದ ಅಣುಸ್ಥಾವರದ ಮೊದಲ ಘಟಕ 2018ರಲ್ಲಿ, ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಕಾರ್ಬನ್ ಹೊಗೆಯಿಲ್ಲದ ವಿದ್ಯುತ್ತು. ಕಾರಂತರ ಪ್ರಶ್ನೆಗಳು ಕಾಡಿನ ಬಗ್ಗೆ, ವಿಕಿರಣದ ಬಗ್ಗೆ ಇದ್ದವು. ಅವಕ್ಕೆ ಈ ದಾಖಲೆ ಉತ್ತರವಲ್ಲ, ಆದರೆ ಅಂದು ತಕ್ಕಡಿಯಲ್ಲಿ ಇರದಿದ್ದ ತೂಕವೊಂದು ಈಗ ಬಂದು ಕೂತಿದೆ.

ಪಾವಗಡದ ಫಲಕಗಳು ಸಂಜೆ ಆರಕ್ಕೆ ಸುಮ್ಮನಾಗುತ್ತವೆ. ಮನೆಗಳಲ್ಲಿ ದೀಪ, ಟಿವಿ, ಫ್ಯಾನು ಚಾಲೂ ಆಗುವುದೂ ಆಗಲೇ. ಆ ಕೊರತೆ ತುಂಬಲು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯಬೇಕು. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲೆಂದು ಹೊರಟದ್ದು 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ: ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿರುವ ತಲಕಳಲೆ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಬಿಡುವುದು. ಎತ್ತಲು ತಗಲುವ ವಿದ್ಯುತ್ತು, ಬಿಟ್ಟಾಗ ಸಿಗುವುದಕ್ಕಿಂತ ಜಾಸ್ತಿ. ಅದನ್ನು ತಪ್ಪು ಎನ್ನಲಾಗದು, ಕೂಡಿಡುವ ಯಾವ ವಿಧಾನದಲ್ಲೂ ಇಷ್ಟು ಸೋರಿಕೆ ಇದ್ದೇ ಇರುತ್ತದೆ. ತಕರಾರು ಇರುವುದು ಜಾಗದ ಬಗ್ಗೆ. ಸುರಂಗಗಳು ಹಾಯುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ, ಭೂಕುಸಿತ ಕಂಡ ಘಟ್ಟದೊಳಗೆ. ಕಣಿವೆಯ ಜನರಿಗೆ ಇದು ಮೊದಲ ಸಲವೂ ಅಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಮಠ ಬಿಟ್ಟ ಕುಟುಂಬಗಳ ಎಷ್ಟೋ ಮಕ್ಕಳು, ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಹೋದ ಮೇಲೂ ಬಹುಕಾಲ ಕತ್ತಲಲ್ಲಿದ್ದ ಊರುಗಳು ಅವರವು.

ಈ ಯೋಜನೆಯನ್ನು ವಿರೋಧಿಸುವವರನ್ನು ಹವಾಮಾನದ ಶತ್ರುಗಳೆಂದು ಕರೆಯುವುದು ಈಗ ಹೊಸ ರೂಢಿ. ಹಾಗೆ ಕರೆಯುವವರು ಒಂದು ಸಣ್ಣ ಲೆಕ್ಕ ಕೊಡಬಹುದು. ಬ್ಯಾಟರಿಯ ದರ ವರ್ಷವರ್ಷಕ್ಕೂ ಇಳಿಯುತ್ತಿದೆ, ಸುರಂಗ ಕೊರೆದು ಮುಗಿಸಲು ವರ್ಷಗಳೇ ಬೇಕು. ಅದು ಮುಗಿಯುವ ಹೊತ್ತಿಗೆ ಅಷ್ಟೇ ವಿದ್ಯುತ್ತನ್ನು ಪಾವಗಡದ ಬೇಲಿಯೊಳಗೇ ಬ್ಯಾಟರಿಗಳಲ್ಲಿ ಕೂಡಿಟ್ಟರೆ ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಶರಾವತಿಯಲ್ಲಿ ಎಷ್ಟು ಬೀಳುತ್ತದೆ? ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದು, ಮೊದಲ ಮರಕ್ಕೆ ಕೊಡಲಿ ಬೀಳುವ ಮುನ್ನ, ಗೇರುಸೊಪ್ಪೆಯ ಜನರ ಮುಂದೆ ಕನ್ನಡದಲ್ಲಿ ಓದಿ ಹೇಳಲಿ.